ರೊಟ್ಟಿ ಜೋಳದ್ದು, ಗಿರಣಿ ಗೋಧಿಯದು: ಜಮಖಂಡಿ ಕಡೆಯ ಒಂದು ಸೀಲಿಯಾಕ್ ಪ್ರಕರಣ

ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ಒಂಬತ್ತು ಜನರ ಒಟ್ಟು ಕುಟುಂಬ. ದುಡ್ಡಿಗೆ ಕಬ್ಬು, ಮನೆಯ ಊಟಕ್ಕೆ ಎರಡು ಎಕರೆ ಬಿಳಿಜೋಳ. ಹಿರಿಸೊಸೆಗೆ 29 ವರ್ಷ, ಐದು ವರ್ಷದ ಮಗಳಿದ್ದಾಳೆ. ಮಗಳ ನಂತರ ಎರಡು ಸಲ ಬಸಿರು ನಿಂತು, ಎರಡು ಸಲವೂ ಮೂರು ತಿಂಗಳೊಳಗೆ ಹೋಗಿತ್ತು. ಎತ್ತರ 154 ಸೆಂಟಿಮೀಟರ್, ತೂಕ 43 ಕಿಲೋ. ಹಿಮೋಗ್ಲೋಬಿನ್ 7.6.

ಇದು ಒಬ್ಬರ ಆಸ್ಪತ್ರೆ ಕಡತದ ನಕಲಲ್ಲ. ಈ ಸೀಮೆಯಲ್ಲಿ ಸೀಲಿಯಾಕ್, ಅಂದರೆ ಗೋಧಿಯ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆ, ಹೇಗೆ ಕಾಣಿಸಿಕೊಳ್ಳುತ್ತದೆ, ಎಲ್ಲಿ ಕೈತಪ್ಪುತ್ತದೆ, ಪಥ್ಯ ಶುರುವಾದ ಮೇಲೂ ಎಲ್ಲಿ ಸೋರುತ್ತದೆ ಎಂಬುದು ಒಂದೇ ಮನೆಯಲ್ಲಿ ಕಾಣಲೆಂದು ಜೋಡಿಸಿದ ಪ್ರಕರಣ. ಮನೆಯವರ ಮಾತು, ಅವರ ವರದಿಯ ಅಂಕಿಗಳು ಆ ಜೋಡಣೆಯವು. ಕಾಯಿಲೆಯ ನಿಯಮಗಳು, ಅಳತೆ, ಲೆಕ್ಕ ಮಾತ್ರ ಯಾರ ಮನೆಗೂ ಹೊಂದುವಂಥವು.

ಹದಿನಾಲ್ಕು ತಿಂಗಳು ಆಕೆ ಕಬ್ಬಿಣದ ಗುಳಿಗೆ ನುಂಗಿದ್ದರು. ದಿನಕ್ಕೆರಡು, ತಪ್ಪದೆ. ಹಿಮೋಗ್ಲೋಬಿನ್ 7.6ರಿಂದ 8.4ಕ್ಕೆ ಹತ್ತಿ ಅಲ್ಲೇ ನಿಂತಿತು. ಜಂತುಹುಳುವಿಗೆ ಆಲ್ಬೆಂಡಜೋಲ್ 400 ಮಿಲಿಗ್ರಾಂ ಕೊಟ್ಟಾಗಿತ್ತು. ಮುಟ್ಟಿನ ರಕ್ತಸ್ರಾವ ಹೆಚ್ಚೇನಿಲ್ಲ. ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರಬಹುದೆಂದು ಮಾಡಿಸಿದ ಎಲೆಕ್ಟ್ರೊಫೊರೆಸಿಸ್ ಪರೀಕ್ಷೆ ಸರಿಯಾಗಿತ್ತು. ಎಂಸಿವಿ (ಕೆಂಪು ರಕ್ತಕಣದ ಗಾತ್ರ) 66, ಫೆರಿಟಿನ್ 4: ಮೈಯಲ್ಲಿ ಕಬ್ಬಿಣದ ಕೂಡಿಟ್ಟ ಗಂಟು ಪೂರ್ತಿ ಬರಿದಾಗಿದೆ ಎಂದರ್ಥ. ಗುಳಿಗೆ ಸರಿಯಾಗಿ ತಗೊಂಡಿಲ್ಲ ಅಂತ ಮನೆಯಲ್ಲೂ ಹೊರಗೂ ಆಕೆಯನ್ನೇ ಬೈದರು. ಖಾಲಿ ಪಟ್ಟಿಗಳನ್ನು ಒಂದು ಡಬ್ಬಿಯಲ್ಲಿ ತುಂಬಿಟ್ಟುಕೊಂಡು ತೋರಿಸುತ್ತಿದ್ದರು ಎಂದರೆ ಆ ಬೈಗುಳ ಎಷ್ಟು ಚುಚ್ಚಿರಬೇಕು.

ತಪ್ಪದೆ ಗುಳಿಗೆ ತಗೊಂಡರೂ ರಕ್ತ ಏರುತ್ತಿಲ್ಲ, ರಕ್ತ ಹೋಗುತ್ತಲೂ ಇಲ್ಲ ಎಂದಾದಾಗ ಮುಂದಿನ ಪ್ರಶ್ನೆ ಒಂದೇ: ನುಂಗಿದ ಕಬ್ಬಿಣ ಒಳಗೆ ಹೀರಿಕೊಳ್ಳುತ್ತಿದೆಯೇ? ಕಬ್ಬಿಣ ಹೀರಿಕೊಳ್ಳುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಸೀಲಿಯಾಕ್ ಮೊದಲು ಕೆಡಿಸುವುದೂ ಅದೇ ಭಾಗವನ್ನು. ಗೋಧಿ, ಬಾರ್ಲಿ, ರೈ ಈ ಮೂರರ ಗ್ಲುಟೆನ್ ಎಂಬ ಪ್ರೋಟೀನು ಪೂರ್ತಿ ಜೀರ್ಣವಾಗದೆ ತುಣುಕುಗಳಾಗಿ ಉಳಿಯುತ್ತದೆ. ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಜೀನ್ ಗುರುತು ಹೊತ್ತವರಲ್ಲಿ ಕೆಲವರ ರೋಗನಿರೋಧಕ ವ್ಯವಸ್ಥೆ ಆ ತುಣುಕುಗಳನ್ನು ವೈರಿಯೆಂದು ತಿಳಿದು, ಜಗಳದಲ್ಲಿ ತನ್ನದೇ ಕರುಳಿನ ಒಳಪದರವನ್ನು ಸವೆಸುತ್ತದೆ. ಮಖಮಲ್ಲಿನಂತೆ ನವಿರೆದ್ದು ನಿಲ್ಲಬೇಕಾದ ಪದರ ಸವೆದು ಬೋಳಾಗುತ್ತದೆ. ಹೀರುವ ಜಾಗವೇ ಇಲ್ಲದಿದ್ದರೆ ಗುಳಿಗೆ ಎಷ್ಟಾದರೇನು.

ಭೇದಿ ಇಲ್ಲದ್ದರಿಂದ ಯಾರಿಗೂ ಈ ಕಡೆ ಅನುಮಾನ ಬಂದಿರಲಿಲ್ಲ. ದೊಡ್ಡವರಲ್ಲಿ ಭೇದಿಯೇ ಇಲ್ಲದ ಸೀಲಿಯಾಕ್ ಸಾಮಾನ್ಯ. ಈ ಮಹಿಳೆಗೆ ಇದ್ದದ್ದು ಸಂಜೆ ಹೊತ್ತಿಗೆ ಹೊಟ್ಟೆ ಉಬ್ಬುವುದು, ತಿಂಗಳಿಗೊಮ್ಮೆ ಬಾಯಿಹುಣ್ಣು, ಮೈಕೈ ನೋವು, ಕೂದಲು ಉದುರುವುದು. ಹುಣ್ಣನ್ನು ಹೀಟು ಅಂದರು, ಉಬ್ಬರವನ್ನು ಗ್ಯಾಸು ಅಂದರು. ಲಿವರಿನ ಎಎಲ್‌ಟಿ 68ಕ್ಕೆ ಏರಿತ್ತು, ವಿಟಮಿನ್ ಡಿ 9ಕ್ಕೆ ಇಳಿದಿತ್ತು. ಒಂದೊಂದನ್ನೂ ಬೇರೆ ಬೇರೆ ಚೀಟಿಯಲ್ಲಿ ನೋಡಿದರೆ ಸಣ್ಣ ತೊಂದರೆ. ಕಬ್ಬಿಣ, ವಿಟಮಿನ್ ಡಿ, ಲಿವರು, ಬಾಯಿಹುಣ್ಣು, ಎರಡು ಗರ್ಭಪಾತ, ಇವನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆದರೆ ದಾರಿ ತಾನಾಗಿ ಕಾಣುತ್ತದೆ.

ಇನ್ನೊಂದು ಅಡ್ಡಿ ಇತ್ತು, ಅದು ಈ ಸೀಮೆಯದ್ದೇ. ‘ಜೋಳದ ರೊಟ್ಟಿ ಉಣ್ಣುವವರಿಗೆ ಗೋಧಿ ರೋಗ ಎಲ್ಲಿಂದ ಬರಬೇಕು?’ ದೇಶದ ಮೂರು ಭಾಗಗಳಲ್ಲಿ 23,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೀಲಿಯಾಕ್ ಪ್ರಮಾಣ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10. ದಕ್ಷಿಣದಲ್ಲಿ ಇಲ್ಲವೆಂಬಷ್ಟು ಕಡಿಮೆ ಎಂದು ಇದನ್ನೇ ಎತ್ತಿ ಹೇಳುವವರಿದ್ದಾರೆ. ಆದರೆ ಆ ದಕ್ಷಿಣದ ಅಂಕಿ ತಮಿಳುನಾಡಿನದು, ದಿನಕ್ಕೆ ಸರಾಸರಿ 25 ಗ್ರಾಂ ಗೋಧಿ ತಿನ್ನುವವರದು. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಅಡುಗೆಮನೆ ಅದಲ್ಲ. ಈ ಮಹಿಳೆಯ ವಾರ ಹೀಗಿತ್ತು: ಎರಡು ಹೊತ್ತು ಜೋಳದ ರೊಟ್ಟಿ ನಿಜ, ಆದರೆ ವಾರಕ್ಕೆ ಮೂರು ದಿನ ಚಪಾತಿ, ಎರಡು ದಿನ ರವಾದ ಉಪ್ಪಿಟ್ಟು, ದಿನಾ ಎರಡು ಸಲ ಚಹಾದ ಜೊತೆ ಟೋಸ್ಟು ಇಲ್ಲವೇ ಖಾರಿ, ಹಬ್ಬಕ್ಕೆ ಹೋಳಿಗೆ, ಅಮಾವಾಸ್ಯೆಗೆ ಗೋಧಿ ಹುಗ್ಗಿ. ಸುಮಾರು 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಹತ್ತಿರ ಹತ್ತಿರ 3 ಗ್ರಾಂ ಗ್ಲುಟೆನ್. ದಿನಕ್ಕೆ 50 ಮಿಲಿಗ್ರಾಂ ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೆ ಕರುಳು ಕೆಡುತ್ತದೆ. ಅಂದರೆ ಚಪಾತಿಯ ಅರವತ್ತನೇ ಒಂದು ಪಾಲು, ಬೆರಳ ತುದಿಗೆ ಅಂಟುವ ಅರ್ಧ ಗ್ರಾಂ ಹಿಟ್ಟು. ಈ ಅರ್ಧ ಗ್ರಾಂ ನೆನಪಿರಲಿ, ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ.

ಪರೀಕ್ಷೆ, ಅದರಲ್ಲಿ ಆದ ಒಂದು ಎಡವಟ್ಟು

ಮೊದಲು ಮಾಡಿಸಬೇಕಾದ ರಕ್ತಪರೀಕ್ಷೆ ಟಿಟಿಜಿ ಐಜಿಎ, ಅಂದರೆ ಮೈ ತನ್ನ ಮೇಲೆಯೇ ಹೊರಡಿಸಿದ ಐಜಿಎ ಬಗೆಯ ಪ್ರತಿಕಾಯದ ಅಳತೆ. ಅದೇ ಚೀಟಿಯಲ್ಲಿ ಒಟ್ಟು ಐಜಿಎ ಕೂಡ ಬರೆಸಬೇಕು. ಕೆಲವರ ಮೈಯಲ್ಲಿ ಐಜಿಎ ಹುಟ್ಟಿನಿಂದಲೇ ಇರುವುದಿಲ್ಲ, ಅಂಥವರಲ್ಲಿ ಟಿಟಿಜಿ ಐಜಿಎ ಸುಳ್ಳೇ ಸರಿ ಬರುತ್ತದೆ. ಆಗ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆ ಬೇಕು. ಇಲ್ಲಿ ಒಟ್ಟು ಐಜಿಎ 212, ಸರಿಯಿತ್ತು. ಟಿಟಿಜಿ 84. ಆ ಕಿಟ್ಟಿನ ಮೇಲ್ಮಿತಿ 10, ಅಂದರೆ ಮಿತಿಯ ಸುಮಾರು ಎಂಟೂವರೆ ಪಟ್ಟು. ಕಿಟ್ಟಿನಿಂದ ಕಿಟ್ಟಿಗೆ ಮಿತಿ ಬೇರೆಯಾಗುವುದರಿಂದ ಬರೀ ಅಂಕಿ ನೋಡಬಾರದು, ಎಷ್ಟು ಪಟ್ಟು ಎಂದು ನೋಡಬೇಕು. ಇದೇ ಕಾರಣಕ್ಕೆ ಮುಂದಿನ ಪರೀಕ್ಷೆಗಳನ್ನೂ ಅದೇ ಲ್ಯಾಬಿನಲ್ಲಿ ಮಾಡಿಸುವುದು ಒಳ್ಳೆಯದು.

ವರದಿ ಬಂದ ರಾತ್ರಿಯೇ ಮನೆಯವರು ಆಕೆಗೆ ಗೋಧಿ ನಿಲ್ಲಿಸಿಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಬಾಯಿಂದ ಕೊಳವೆ ಇಳಿಸಿ ಕರುಳಿನ ಒಳಪದರದ ಚೂರು ತೆಗೆಯುವ ಎಂಡೊಸ್ಕೋಪಿಯ ದಿನ ಇನ್ನೂ ಮೂರು ವಾರ ದೂರವಿತ್ತು. ಗೋಧಿ ಬಿಟ್ಟ ಮೇಲೆ ಕರುಳು ಮೆಲ್ಲಗೆ ಚೇತರಿಸಿಕೊಳ್ಳುತ್ತದೆ, ರಕ್ತದ ಟಿಟಿಜಿ ಇಳಿಯುತ್ತದೆ, ಆಮೇಲೆ ತೆಗೆದ ಚೂರು ಅರ್ಧಂಬರ್ಧ ಉತ್ತರ ಕೊಡುತ್ತದೆ. ಜೀವನಪೂರ್ತಿಯ ಪಥ್ಯ ಅರ್ಧ ಉತ್ತರದ ಮೇಲೆ ನಿಲ್ಲಬಾರದು. ಆರನೇ ದಿನ ವಿಷಯ ಗೊತ್ತಾಗಿ, ದಿನಾ ಒಂದು ಚಪಾತಿ, ಎರಡು ಟೋಸ್ಟು ಮತ್ತೆ ಶುರುಮಾಡಿಸಲಾಯಿತು. ತಿಂಗಳುಗಟ್ಟಲೆ ಬಿಟ್ಟಿದ್ದರೆ ಇಷ್ಟು ಸಾಲುತ್ತಿರಲಿಲ್ಲ. ಆಗ ದಿನಕ್ಕೆ ಕನಿಷ್ಠ 3 ಗ್ರಾಂ ಗ್ಲುಟೆನ್ ಎರಡು ವಾರ, ತಡೆದುಕೊಳ್ಳುವಂತಿದ್ದರೆ ಆರರಿಂದ ಎಂಟು ವಾರ ತಿನ್ನಿಸಿ ಮತ್ತೆ ಪರೀಕ್ಷಿಸಬೇಕಾಗುತ್ತಿತ್ತು. ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬೇಡಿ ಎಂಬ ಮಾತನ್ನು ರಕ್ತ ತೆಗೆಯುವ ದಿನವೇ ಹೇಳಿದ್ದರೆ ಈ ತೊಡಕೇ ಇರುತ್ತಿರಲಿಲ್ಲ.

ಎಂಡೊಸ್ಕೋಪಿಯಲ್ಲಿ ಸಣ್ಣಕರುಳಿನ ಶುರುವಾದ ಡ್ಯುಯೊಡಿನಮ್ಮಿನ ಎರಡನೇ ಭಾಗದಿಂದ ನಾಲ್ಕು ಚೂರು, ಮೊದಲ ಉಬ್ಬಿನಿಂದ ಎರಡು ಚೂರು ತೆಗೆದರು. ಹಾನಿ ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿರುವುದು ಉಂಟು, ಒಂದೇ ಚೂರು ಸಾಲದು. ವರದಿ, ಕರುಳಿನ ಹಾನಿ ಅಳೆಯುವ ಮಾರ್ಷ್ ಶ್ರೇಣಿಯಲ್ಲಿ 3ಬಿ: ನವಿರು ಬಹುಪಾಲು ಸವೆದಿದೆ. ಪದರ ಸವೆಸುವ ಬೇರೆ ಕಾರಣಗಳೂ ನಮ್ಮ ಕಡೆ ಇವೆ. ಉಷ್ಣವಲಯದ ಸ್ಪ್ರೂ, ಜಿಯಾರ್ಡಿಯಾ, ಕ್ಷಯ, ಕೆಲವು ಔಷಧಿಗಳು. ಟಿಟಿಜಿ ಎಂಟೂವರೆ ಪಟ್ಟು ಇದ್ದದ್ದರಿಂದ ಇಲ್ಲಿ ಗೊಂದಲ ಉಳಿಯಲಿಲ್ಲ. ಮಕ್ಕಳಲ್ಲಿ ಟಿಟಿಜಿ ಹತ್ತು ಪಟ್ಟು ಮೀರಿ, ಬೇರೆ ದಿನ ತೆಗೆದ ರಕ್ತದಲ್ಲಿ ಎಂಡೊಮೈಸಿಯಲ್ ಎಂಬ ಇನ್ನೊಂದು ಪ್ರತಿಕಾಯವೂ ಬಂದರೆ ಚೂರು ತೆಗೆಯದೆ ನಿರ್ಧರಿಸುವ ಪದ್ಧತಿ ಯುರೋಪಿನ ಮಕ್ಕಳ ವೈದ್ಯರ ಮಾರ್ಗಸೂಚಿಯಲ್ಲಿದೆ.

ಮೊದಲ ಆರು ತಿಂಗಳು

ಕರುಳು ಹೀರಿಕೊಳ್ಳದ ಹೊತ್ತಿನಲ್ಲಿ ಗುಳಿಗೆ ಮುಂದುವರಿಸುವುದರಲ್ಲಿ ಅರ್ಥವಿರಲಿಲ್ಲ. ಕಬ್ಬಿಣವನ್ನು ರಕ್ತನಾಳದ ಮೂಲಕ 1000 ಮಿಲಿಗ್ರಾಂ ಕೊಟ್ಟರು. ಕೆಲವು ಬಗೆಯ ಕಬ್ಬಿಣದ ಡ್ರಿಪ್ ರಕ್ತದ ಫಾಸ್ಫೇಟನ್ನು ಇಳಿಸುತ್ತದೆ. ವಿಟಮಿನ್ ಡಿ ಮೊದಲೇ 9 ಇರುವವರಲ್ಲಿ ಇದು ಸಣ್ಣ ವಿಷಯವಲ್ಲ, ಅದಕ್ಕೇ ಫಾಸ್ಫೇಟ್ ನೋಡಿಕೊಂಡರು. ವಿಟಮಿನ್ ಡಿ ವಾರಕ್ಕೊಂದು 60,000 ಯೂನಿಟ್, ಎಂಟು ವಾರ. ಜೊತೆಗೆ ಕ್ಯಾಲ್ಸಿಯಂ, ಫೋಲಿಕ್ ಆ್ಯಸಿಡ್, ಬಿ12. ಮೂಳೆಯ ಸಾಂದ್ರತೆ ತೆಗೆಸಿದಾಗ ಬೆನ್ನುಮೂಳೆಯ ಜಡ್-ಸ್ಕೋರ್ (ಅದೇ ವಯಸ್ಸಿನವರ ಸರಾಸರಿಗೆ ಹೋಲಿಸಿದ ಅಂಕಿ) −2.2. ಇಪ್ಪತ್ತೊಂಬತ್ತಕ್ಕೇ ಮೈಕೈ ನೋವು ಸುಮ್ಮನೆ ಬಂದಿರಲಿಲ್ಲ.

ಮೊದಲ ಎರಡು-ಮೂರು ತಿಂಗಳು ಹಾಲು ಕುಡಿದರೆ ಉಬ್ಬರ ಹೆಚ್ಚುತ್ತಿತ್ತು. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಇರುವುದು ಆ ನವಿರಿನ ತುದಿಯಲ್ಲೇ, ನವಿರು ಸವೆದರೆ ಅದೂ ಹೋಗುತ್ತದೆ. ಹಾಲು ಕಡಿಮೆ ಮಾಡಿ ಗಟ್ಟಿ ಮೊಸರು, ಮಜ್ಜಿಗೆ ಮುಂದುವರಿಸಿದರು. ಪದರ ಬೆಳೆದಂತೆ ಹಾಲು ಮತ್ತೆ ಹಿಡಿಸಿತು. ಹಾಲೇ ರೋಗದ ಮೂಲ ಎಂದು ಖಾಯಂ ಬಿಡುವವರಿದ್ದಾರೆ, ಮೂಳೆ ಹೀಗಿರುವಾಗ ಅದು ನಷ್ಟದ ದಾರಿ.

ಪಥ್ಯವೆಂದು ಮೊದಲ ದಿನ ಸಿಕ್ಕಿದ್ದು ಒಂದೇ ಸಾಲು: ‘ಗೋಧಿ ಬಿಡ್ರಿ.’ ಆಕೆ ಚಪಾತಿ, ಬ್ರೆಡ್ಡು, ಟೋಸ್ಟು, ಬಿಸ್ಕೀಟು ಅದೇ ದಿನ ಬಿಟ್ಟರು. ರವಾ, ಮೈದಾ, ಶಾವಿಗೆ ಗೋಧಿಯೇ ಎಂದು ಗೊತ್ತಿತ್ತು. ಕುರಡಿಗೆ ಸಂಡಿಗೆ ಗೋಧಿ ಹಾಲಿನದು ಎಂದು ಎರಡನೇ ತಿಂಗಳು ನೆನಪಾಯಿತು. ದೊಡ್ಡ ತಪ್ಪಾದದ್ದು ಖಪಲಿ ಗೋಧಿಯಲ್ಲಿ. ಕೆಲವರು ಇದನ್ನು ಸದಕ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು, ಹಳೇ ಕಾಲದ ಗೋಧಿ, ಹೊಟ್ಟೆಗೆ ಹಗುರ ಎಂಬ ಮಾತು ಬೆಳಗಾವಿ, ಬಾಗಲಕೋಟೆ ಕಡೆ ಎಲ್ಲರ ಬಾಯಲ್ಲಿದೆ. ಬೇರೆಯವರಿಗೆ ಅದು ಹೇಗಾದರೂ ಇರಲಿ, ಸೀಲಿಯಾಕ್ ಇದ್ದವರಿಗೆ ಖಪಲಿಯೂ ಗೋಧಿಯೇ, ಅದರಲ್ಲೂ ಗ್ಲುಟೆನ್ ತುಂಬಿದೆ. ನೆಂಟರು ಪ್ರೀತಿಯಿಂದ ತಂದುಕೊಟ್ಟ ಖಪಲಿ ರವಾದ ಪಾಯಸವನ್ನು ಆಕೆ ಒಂದು ತಿಂಗಳು ವಾರಕ್ಕೆರಡು ಸಲ ಉಂಡಿದ್ದರು.

ಆರನೇ ತಿಂಗಳು: ತೂಕ 46, ಹಿಮೋಗ್ಲೋಬಿನ್ 10.9, ಬಾಯಿಹುಣ್ಣು ಇಲ್ಲ. ಟಿಟಿಜಿ 61. ಖಪಲಿಯ ಲೆಕ್ಕ ತೆಗೆದು, ಅದನ್ನೂ ನಿಲ್ಲಿಸಿದರು. ಹನ್ನೆರಡನೇ ತಿಂಗಳು: ಟಿಟಿಜಿ 52.

ಇದು ಸರಿಯಿಲ್ಲ. ಗ್ಲುಟೆನ್ ಪೂರ್ತಿ ನಿಂತಿದ್ದರೆ ವರ್ಷದೊಳಗೆ ಟಿಟಿಜಿ ಚೆನ್ನಾಗಿ ಕೆಳಗಿಳಿದು, ಒಂದರಿಂದ ಎರಡು ವರ್ಷದಲ್ಲಿ ಮಿತಿಯ ಹತ್ತಿರ ಬರಬೇಕು. 84ರಿಂದ 52 ಎಂದರೆ ಹೊಟ್ಟೆಗೆ ಎಲ್ಲಿಂದಲೋ ಗ್ಲುಟೆನ್ ಹೋಗುತ್ತಿದೆ. ಪಥ್ಯಕ್ಕೆ ಬಗ್ಗದ ಸೀಲಿಯಾಕ್ ಎಂಬುದೊಂದಿದೆ, ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗುವುದೂ ಇದೆ, ಆದರೆ ಅವುಗಳ ಬೆನ್ನು ಹತ್ತುವ ಮೊದಲು ಅಡುಗೆಮನೆಗೆ ಹೋಗಬೇಕು. ಹತ್ತು ಸಲ ‘ಗೋಧಿ ತಿನ್ನುತ್ತಿಲ್ಲ ತಾನೆ?’ ಎಂದು ಕೇಳಿದರೆ ಹತ್ತು ಸಲವೂ ‘ಇಲ್ರಿ’ ಎಂದೇ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ.

ಚೀಲದಿಂದ ತಾಟಿನ ತನಕ

ಆಹಾರ ತಜ್ಞೆ ಒಂದು ಬೆಳಿಗ್ಗೆ ಆರಕ್ಕೇ ಆ ಮನೆಗೆ ಬಂದು, ಜೋಳ ಚೀಲದಿಂದ ಹೊರಟು ರೊಟ್ಟಿಯಾಗಿ ತಾಟಿಗೆ ಬರುವ ತನಕ ಜೊತೆಗೇ ನಡೆದರು. ಏನೂ ತಿದ್ದದೆ, ಏನೂ ಹೇಳದೆ, ದಿನಾ ಮಾಡಿದಂತೆಯೇ ಮಾಡಲು ಬಿಟ್ಟು ನೋಡಿದರು. ಈ ಪ್ರಕರಣದ ತಿರುಳು ಆ ಎರಡು ಗಂಟೆಯಲ್ಲಿದೆ.

ಮೊದಲು ಚೀಲ. ನೂರು ಗ್ರಾಂ ಜೋಳವನ್ನು ಬಿಳಿ ಧೋತರದ ಮೇಲೆ ಹರವಿದಾಗ ಎರಡು ಗೋಧಿ ಕಾಳು ಕಂಡವು. ಸ್ವಂತ ಹೊಲದ ಜೋಳವೇ, ಆದರೆ ಬದುವಿನ ಪಕ್ಕ ಮನೆ ಮಟ್ಟಿಗೆಂದು ನಾಲ್ಕು ಸಾಲು ಗೋಧಿ ಹಾಕುತ್ತಾರೆ, ರಾಶಿ ಮಾಡುವ ಮಷೀನು ಊರಿಗೆಲ್ಲ ಒಂದೇ. ಒಂದು ಗೋಧಿ ಕಾಳಿನ ತೂಕ ಸುಮಾರು 40 ಮಿಲಿಗ್ರಾಂ, ಅದರಲ್ಲಿ ಗ್ಲುಟೆನ್ ಸುಮಾರು 4 ಮಿಲಿಗ್ರಾಂ. ಆಕೆ ದಿನಕ್ಕೆ ಉಣ್ಣುವುದು ನಾಲ್ಕು ರೊಟ್ಟಿ, ಹತ್ತಿರ ಹತ್ತಿರ 250 ಗ್ರಾಂ ಹಿಟ್ಟು. ಅಂದರೆ ದಿನಕ್ಕೆ ಐದು ಗೋಧಿ ಕಾಳು, 20 ಮಿಲಿಗ್ರಾಂ. ಸೀಲಿಯಾಕ್ ಇದ್ದವರು ದಿನದ ಒಟ್ಟು ಲೆಕ್ಕ 10 ಮಿಲಿಗ್ರಾಮಿನ ಒಳಗಿಟ್ಟುಕೊಳ್ಳುವುದು ಕ್ಷೇಮ. ಇಲ್ಲಿ ಗಿರಣಿಗೆ ಹೋಗುವ ಮೊದಲೇ ಅದರ ಎರಡರಷ್ಟಾಯಿತು.

ಎರಡನೆಯದು ಗಿರಣಿ. ಓಣಿಯ ಗಿರಣಿಯಲ್ಲಿ ಬೆಳಿಗ್ಗೆ ಒಬ್ಬರ ಗೋಧಿ, ಅದರ ಬೆನ್ನಿಗೆ ಇವರ ಜೋಳ, ಆಮೇಲೆ ಇನ್ನೊಬ್ಬರ ಕಡಲೆಬೇಳೆ. ಹಿಂದಿನವರ ಹಿಟ್ಟು ಕಲ್ಲಿನ ಹಲ್ಲಿನಲ್ಲಿ, ಮೇಲಿನ ಡಬ್ಬಿಯ ಮೂಲೆಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ತೋಳಿನಲ್ಲಿ ಉಳಿದೇ ಇರುತ್ತದೆ. ಐದು ಕಿಲೋ ಜೋಳಕ್ಕೆ ಬರೀ 50 ಗ್ರಾಂ ಗೋಧಿ ಹಿಟ್ಟು ಬೆರೆತರೂ ಅದು ನೂರಕ್ಕೆ ಒಂದು ಪಾಲು. ಗೋಧಿ ಹಿಟ್ಟಿನ ಹತ್ತನೇ ಒಂದು ಪಾಲು ಗ್ಲುಟೆನ್ ಎಂದು ಹಿಡಿದರೆ ಆ ಜೋಳದ ಹಿಟ್ಟಿನ ಪ್ರತಿ ಕಿಲೋದಲ್ಲಿ 1000 ಮಿಲಿಗ್ರಾಂ ಗ್ಲುಟೆನ್. ಗ್ಲುಟೆನ್-ಮುಕ್ತ ಎಂದು ಪಾಕೀಟಿನ ಮೇಲೆ ಬರೆಯಲು ನಮ್ಮ ಆಹಾರ ಸುರಕ್ಷತಾ ಕಾನೂನು ಬಿಡುವುದು ಕಿಲೋಗೆ 20 ಮಿಲಿಗ್ರಾಮಿನ ತನಕ. ಮಿತಿಯ ಐವತ್ತು ಪಟ್ಟು. ಇಂಥ ಹಿಟ್ಟಿನ ನಾಲ್ಕು ರೊಟ್ಟಿಯಲ್ಲಿ 250 ಮಿಲಿಗ್ರಾಂ. ಈ ಒಂದೇ ಕಾರಣ ಸಾಕಿತ್ತು.

ಮೂರನೆಯದನ್ನು ಯಾರೂ ಊಹಿಸಿರಲಿಲ್ಲ. ಅತ್ತೆ ಪರಾತಕ್ಕೆ ಜೋಳದ ಹಿಟ್ಟು ಸುರಿದರು, ಪಕ್ಕದ ಡಬ್ಬಿಯಿಂದ ಒಂದು ಮುಟಿಗೆ ಬೇರೆ ಹಿಟ್ಟು ತೆಗೆದು ಅದರ ಮೇಲೆ ಉದುರಿಸಿ ಎಸರಿಗೆ ಕೈ ಚಾಚಿದರು. ಅದು ಏನೆಂದು ಕೇಳಿದಾಗ ಮುಚ್ಚುಮರೆಯಿಲ್ಲದ ಉತ್ತರ:

“ಜ್ವಾಳಾ ಹಳೇದಾದ್ರ ಹಿಟ್ಟಿಗೆ ಜಿಗಿ ಇರಂಗಿಲ್ರಿ ಅಕ್ಕಾರ. ಬಡಿಯೂಮುಂದ ರೊಟ್ಟಿ ಹರಿತಾವ. ಅದಕ್ಕ ಒಂದ್ ಮುಟಿಗಿ ಗೋದಿಹಿಟ್ಟ ಹಾಕತೀನಿ. ಆಕಿಗೆ ಚಪಾತಿ ಕೊಡೂದು ಯಾವಾಗೋ ಬಿಟ್ಟೇವ್ರಿ.”

“ಅವ್ವಾರ, ಚಪಾತಿ ಕೊಟ್ಟಿಲ್ಲ ಖರೆ. ಆದ್ರ ಆ ಮುಟಿಗಿ ಹಿಟ್ಟ ಆಕಿ ಹೊಟ್ಯಾಗ ಚಪಾತಿ ಮಾಡೂ ಕೆಲಸಾನ ಮಾಡೈತಿ.”

ಒಂದು ಮುಟಿಗೆ ಎಂದರೆ 40 ಗ್ರಾಂ. ಮನೆಗೆಲ್ಲ ಕಲಸುವ ಹಿಟ್ಟು ಒಂದೂವರೆ ಕಿಲೋ. ಆಕೆಯ ಪಾಲಿಗೆ ಬರುವ ಗ್ಲುಟೆನ್ ಸುಮಾರು 650 ಮಿಲಿಗ್ರಾಂ. ಅತ್ತೆ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಸೊಸೆಗೆಂದು ವರ್ಷದಿಂದ ಮೊದಲ ಬಿಸಿ ರೊಟ್ಟಿ ಎತ್ತಿಡುತ್ತಿದ್ದವರು ಅವರೇ. ಇಲ್ಲಿ ತಪ್ಪು ಅವರದಲ್ಲ. ಗೋಧಿ ಬಿಡಿ ಎಂದವರು ರೊಟ್ಟಿಗೆ ಏನು ಬೆರೆಸುತ್ತೀರಿ ಎಂದು ಕೇಳಿರಲೇ ಇಲ್ಲ.

ಸಣ್ಣ ಸೋರಿಕೆಗಳು ಇನ್ನೂ ಇದ್ದವು. ಚಪಾತಿ ಬೇಯಿಸಿದ ಹಂಚಿನ ಮೇಲೇ ರೊಟ್ಟಿ. ಹಂಚು ಒರೆಸಿದ ಅರಿವೆಯನ್ನೇ ನೀರಿನಲ್ಲಿ ಅದ್ದಿ ರೊಟ್ಟಿಯ ಮೇಲೆ ಸವರುವುದು. ಆ ಅರಿವೆಯ ಅಂಚು ಹಿಂಡಿದಾಗ ಬಿಳಿ ನೀರು ಇಳಿಯಿತು, ಅದು ಹಿಂದಿನ ರಾತ್ರಿಯ ಚಪಾತಿ ಹಿಟ್ಟು. ಮೂವತ್ತು ಚಪಾತಿ ಲಟ್ಟಿಸುವ ಕೆಲಸ ಆಕೆಯದೇ. ಹಾರುವ ಹಿಟ್ಟು ಮೂಗು ಬಾಯಿಗೆ ಹೋಗಿ ಅಲ್ಲಿಂದ ಹೊಟ್ಟೆಗೆ ಇಳಿಯುತ್ತದೆ. ಸಾರಿನ ಒಗ್ಗರಣೆಗೆ ಹಾಕುವ ಹಿಂಗಿನ ಡಬ್ಬಿ ತಿರುಗಿಸಿ ನೋಡಿದರೆ ಮೊದಲ ಪದಾರ್ಥವೇ ಗೋಧಿ ಹಿಟ್ಟು. ಪೇಟೆಯ ಕೂಟು ಹಿಂಗಿನಲ್ಲಿ ಗೋಧಿ ಹಿಟ್ಟು ಇಲ್ಲವೇ ಮೈದಾ ಬೆರೆಸುವುದು ತೀರ ಸಾಮಾನ್ಯ.

ಬದಲಾಯಿಸಿದ್ದು

ಜೋಳ: ಮೊರದಲ್ಲಿ ಕೇರಿ, ಬಿಳಿ ಬಟ್ಟೆಯ ಮೇಲೆ ತೆಳ್ಳಗೆ ಹರವಿ ಕೈಯಿಂದ ಆರಿಸುವುದು. ಆಕೆಯ ಪಾಲಿಗೆ ವಾರಕ್ಕೆ ಎರಡು ಕಿಲೋ ಸಾಕು, ಅರ್ಧ ತಾಸಿನ ಕೆಲಸ. ಮಧ್ಯಾಹ್ನದ ಬೆಳಕಿನಲ್ಲೇ ಮಾಡಬೇಕು. ಬಿಳಿಜೋಳ ದುಂಡು, ಗೋಧಿ ಉದ್ದ, ಹಗಲು ಬೆಳಕಿನಲ್ಲಿ ಕಣ್ಣು ತಪ್ಪುವುದಿಲ್ಲ. ಮುಂದಿನ ಹಿಂಗಾರಿಗೆ ಬದುವಿನ ಗೋಧಿ ಸಾಲನ್ನು ಹೊಲದ ಇನ್ನೊಂದು ತುದಿಗೆ ಹಾಕಿದರು. ಮನೆಗೆ ಬೇಕಾದ ಜೋಳದ ತೆನೆಯನ್ನು ಮಷೀನಿಗೆ ಕೊಡದೆ ತಾಡಪತ್ರಿಯ ಮೇಲೆ ಬಡಿದುಕೊಂಡರು.

ಗಿರಣಿಗೆ ಮೂರು ದಾರಿ ಇದ್ದವು. ಗಿರಣಿಯವರಿಗೆ ಹೇಳಿ ಮೊದಲು ಎರಡು-ಮೂರು ಕಿಲೋ ಜೋಳ ಹಾಯಿಸಿ, ಆ ಹಿಟ್ಟು ಉಳಿದವರ ರೊಟ್ಟಿಗಿಟ್ಟು, ಬಟ್ಟೆಯ ತೋಳು ಬದಲಿಸಿ ಆಮೇಲೆ ಆಕೆಯದು ಬೀಸುವುದು ಒಂದು. ಇದರಿಂದ ಬೆರಕೆ ತಗ್ಗುತ್ತದೆ, ಸೊನ್ನೆಯಾಗುವುದಿಲ್ಲ. ಅಟ್ಟದ ಮೇಲಿದ್ದ ಅಜ್ಜಿ ಕಾಲದ ಬೀಸುಕಲ್ಲು ಇನ್ನೊಂದು, ಆದರೆ ಅದರಲ್ಲಿ ಗೋಧಿ ರವಾ ಒಡೆಯುತ್ತಿದ್ದರು. ಕಲ್ಲಿನ ಕಚ್ಚಿನಲ್ಲಿ ಕೂತದ್ದನ್ನು ಪೂರ್ತಿ ತೆಗೆಯಲು ಹೊಸದಾಗಿ ಕಚ್ಚು ಹೊಡೆಸಬೇಕು. ಮೂರನೆಯದು ಒಂದು ಎಚ್‌ಪಿಯ ಹೊಸ ಮನೆಗಿರಣಿ. ಹಣ ಹೊಂದಿಸಲು ಎರಡು ತಿಂಗಳು ಹಿಡಿಯಿತು, ಆ ತನಕ ಮೊದಲ ದಾರಿ. ಹೊಸ ಗಿರಣಿಗೆ ಮನೆಯವರೇ ಹಾಕಿಕೊಂಡ ನಿಯಮ: ಜೋಳ, ಸಜ್ಜೆ, ಅಕ್ಕಿ, ಕಡಲೆ ಬಿಟ್ಟು ಬೇರೇನೂ ಅದರೊಳಗೆ ಬೀಳಬಾರದು, ನೆರೆಯವರು ಕೇಳಿದರೂ. ಹಳ್ಳಿಯಲ್ಲಿ ಇದನ್ನು ಹೇಳಲು ಗಟ್ಟಿ ಮನಸ್ಸು ಬೇಕು.

ಜಿಗಿಗೆ ಗೋಧಿ ಬೇಕಿಲ್ಲ. ಗೋಧಿಯಲ್ಲಿ ಜಿಗಿ ಕೊಡುವುದು ಗ್ಲುಟೆನ್, ಜೋಳದಲ್ಲಿ ಆ ಕೆಲಸ ಮಾಡಬೇಕಾದದ್ದು ಬೆಂದ ಪಿಷ್ಟ. ಹಳೇ ಜೋಳದ ಹಿಟ್ಟಿಗೆ ಎಸರು ಬರೀ ಬಿಸಿಯಿದ್ದರೆ ಸಾಲದು, ಮರಳುತ್ತಿರಬೇಕು. ಆರು ರೊಟ್ಟಿಗೆ 400 ಗ್ರಾಂ ಹಿಟ್ಟು. ಒಂದೂವರೆ ಲೋಟ ನೀರು ಮರಳುವಾಗ ಅದರಲ್ಲಿ ಮೂರನೇ ಒಂದು ಪಾಲು ಹಿಟ್ಟು ಹಾಕಿ, ಗಂಟಾಗದಂತೆ ತಿರುವಿ, ಒಂದು ನಿಮಿಷ ಮುಚ್ಚಿಡುವುದು. ಅದನ್ನು ಉಳಿದ ಹಿಟ್ಟಿನ ನಡುವೆ ಸುರಿದು, ಕೈ ತಾಳುವಷ್ಟು ಆರಿದ ಕೂಡಲೇ ಅಂಗೈಯ ಬುಡದಿಂದ ಒತ್ತಿ ಐದು ನಿಮಿಷ ನಾದುವುದು. ಪೂರ್ತಿ ತಣ್ಣಗಾಗಲು ಬಿಟ್ಟರೆ ಅಂಚು ಬಿರಿಯುತ್ತದೆ. ಹಿಟ್ಟು ಬೀಸಿ ಹತ್ತು ದಿನ ದಾಟಿದ್ದರೆ ಒಂದು ಚಮಚ ಇಸಬಗೋಲಿನ ಹೊಟ್ಟು ಸೇರಿಸಬಹುದು. ಅತ್ತೆ ಮೊದಲ ದಿನ ಎರಡು ರೊಟ್ಟಿ ಹರಿದುಕೊಂಡರು, ನಾಲ್ಕನೇ ದಿನದಿಂದ ಮುಟಿಗೆಯ ನೆನಪೂ ಬರಲಿಲ್ಲ. ಮನೆಯ ಯಾರ ರೊಟ್ಟಿಗೂ ಗೋಧಿ ಮುಟಿಗೆ ಇಲ್ಲ ಎಂದಾದ ಮೇಲೆ ತಪ್ಪುವ ಜಾಗವೇ ಕಡಿಮೆಯಾಯಿತು.

ಹಂಚು, ಪರಾತ, ಅರಿವೆ ಬೇರೆ. ಚಪಾತಿ ದಿನ ಆಕೆಯ ರೊಟ್ಟಿ ಮೊದಲು, ಚಪಾತಿ ಆಮೇಲೆ, ಲಟ್ಟಿಸುವ ಕೆಲಸ ಕಿರಿಸೊಸೆಗೆ. ತವರಿನವರು ಕೊಟ್ಟ ಸ್ಟೀಲ್ ಪಾತ್ರೆಗಳನ್ನೆಲ್ಲ ಹೊಸದಾಗಿ ಕೊಳ್ಳಬೇಕೆ ಎಂದು ಕೇಳಿದ್ದರು. ಬೇಕಿಲ್ಲ, ಸ್ಟೀಲು ಸೋಪಿನಲ್ಲಿ ತೊಳೆದರೆ ಸಾಕು. ಬದಲಿಸಬೇಕಾದದ್ದು ಕಟ್ಟಿಗೆಯ ಲಟ್ಟಣಿಗೆ, ಜರಡಿ, ಹಳೇ ಹಂಚು, ಅರಿವೆ. ಹಿಂಗಿಗೆ ಬದಲು ಬೆಳ್ಳುಳ್ಳಿ ಒಗ್ಗರಣೆ.

ಹಬ್ಬ, ಲಗ್ನ ಬೇರೆಯೇ ಕಷ್ಟ. ಹೋಳಿಗೆಯ ಕಣಕ ಗ್ಲುಟೆನ್ ಇಲ್ಲದೆ ಎಳೆಯುವುದಿಲ್ಲ, ಅದೇ ಹೂರಣವನ್ನು ಎಸರಿಟ್ಟ ಅಕ್ಕಿ ಹಿಟ್ಟಿನಲ್ಲಿ ತುಂಬಿ ಕಡಬು ಮಾಡಿದರೆ ಊಟ ಒಂದೇ ಪಂಕ್ತಿಯಲ್ಲಿ ನಡೆಯುತ್ತದೆ. ಮಾದಲಿಯನ್ನು ಗೋಧಿ ಬಿಟ್ಟು ಸಜ್ಜೆ ರೊಟ್ಟಿ ಪುಡಿಮಾಡಿ ಬೆಲ್ಲ, ಪುಟಾಣಿ, ಗಸಗಸೆ ಕೂಡಿಸಿ ಮಾಡಿದರು. ಸಜ್ಜೆಯಲ್ಲಿ ಕಬ್ಬಿಣ ನೂರು ಗ್ರಾಮಿಗೆ 6 ಮಿಲಿಗ್ರಾಮಿನಷ್ಟು, ಜೋಳದಲ್ಲಿ 4ರಷ್ಟು. ಪೂಜೆಯ ಸಜ್ಜಕ, ಶಿರಾ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮಗಳ ಕೈಗೆ ಕೊಡುವುದು ರೂಢಿಯಾಯಿತು. ಸಂಜೆಯ ಗಿರ್ಮಿಟ್, ಸುಸಲಾ ಮನೆಯಲ್ಲಿ ಮಾಡಿದರೆ ತೊಂದರೆಯಿಲ್ಲ. ಅಂಗಡಿಯ ಮಿರ್ಚಿ ಭಜಿ ಕಡಲೆ ಹಿಟ್ಟಿನದೇ, ಆದರೆ ಅದೇ ಎಣ್ಣೆಯಲ್ಲಿ ಪೂರಿಯೂ ಕರಿದಿರುತ್ತದೆ. ಖಾನಾವಳಿಯ ಜೋಳದ ರೊಟ್ಟಿಗೂ ಮುಟಿಗೆಯ ಪ್ರಶ್ನೆ ಕೇಳಲೇಬೇಕು, ಅಂಗಡಿಯ ಕಡಕ್ ರೊಟ್ಟಿಗೂ ಕೇಳಬೇಕು.

ಆಮೇಲಿನ ಅಂಕಿಗಳು

ಹದಿನೆಂಟನೇ ತಿಂಗಳು ಟಿಟಿಜಿ 19. ಇಪ್ಪತ್ನಾಲ್ಕನೇ ತಿಂಗಳು 7, ಮಿತಿಯ ಒಳಗೆ. ಹಿಮೋಗ್ಲೋಬಿನ್ 12.6, ಫೆರಿಟಿನ್ 38, ಎಎಲ್‌ಟಿ 24, ತೂಕ 51. ಮೂಳೆಯ ಜಡ್-ಸ್ಕೋರ್ −1.7, ಮೂಳೆ ತುಂಬಲು ಇನ್ನೂ ಸಮಯ ಬೇಕು. ರಕ್ತದ ಅಂಕಿ ಸರಿಬಂದ ಮಾತ್ರಕ್ಕೆ ಕರುಳಿನ ಪದರ ಪೂರ್ತಿ ಬೆಳೆದಿದೆ ಎನ್ನಲಾಗದು, ದೊಡ್ಡವರಲ್ಲಿ ಅದಕ್ಕೆ ಹಲವು ವರ್ಷ ಹಿಡಿಯುವುದುಂಟು. ಇನ್ನೊಂದು ಬಸಿರಿಗೆ ಟಿಟಿಜಿ ಇಳಿದು ಫೆರಿಟಿನ್ ಏರುವ ತನಕ ಕಾಯಲು ಹೇಳಿದ್ದರು. ಈಗ ಫೋಲಿಕ್ ಆ್ಯಸಿಡ್ ಮುಂದುವರಿದಿದೆ. ಹಿಂದಿನ ಎರಡು ಗರ್ಭಪಾತಕ್ಕೂ ಇದೇ ಕಾರಣವೆಂದು ಖಚಿತವಾಗಿ ಹೇಳಲು ಬರುವುದಿಲ್ಲ, ಹಾಗೆ ಹೇಳಿ ಆಕೆಯ ಮೇಲೆ ಇನ್ನೊಂದು ಭಾರ ಹೊರಿಸುವುದೂ ಬೇಡ. ಇನ್ನು ಮುಂದೆ ವರ್ಷಕ್ಕೊಮ್ಮೆ ಟಿಟಿಜಿ, ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಡಿ, ಥೈರಾಯ್ಡ್.

ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳನ್ನು ಪರೀಕ್ಷಿಸಬೇಕು ಎಂಬುದು ನಿಯಮ. ಈ ಮನೆಯಲ್ಲಿ ಗಂಡ ಆಕೆಯ ಸೋದರಮಾವನೇ. ಅಂಥ ಕಡೆ ಗಂಡನನ್ನೂ ರಕ್ತಸಂಬಂಧಿಯೆಂದು ಎಣಿಸಬೇಕು, ಮಗಳಿಗೆ ಜೀನ್ ಎರಡೂ ಕಡೆಯಿಂದ ಬರಬಹುದು. ಗಂಡನ ಟಿಟಿಜಿ ಸರಿಯಿತ್ತು. ಆಕೆಯ ತಮ್ಮನಿಗೆ ಹನ್ನೊಂದನೇ ವಯಸ್ಸಿನಿಂದ ಇನ್ಸುಲಿನ್ ಬೇಕಾದ ಮಧುಮೇಹವಿದೆ. ಅವನದು ಮಿತಿಯ ಮೂರು ಪಟ್ಟು ಬಂದಿದ್ದು, ಎಂಡೊಸ್ಕೋಪಿಗೆ ದಿನ ಗೊತ್ತಾಗಿದೆ. ಈ ಸಲ ರಕ್ತ ತೆಗೆದ ದಿನವೇ ಚಪಾತಿ ಬಿಡಬೇಡ ಎಂದು ಅಕ್ಕನೇ ಫೋನು ಮಾಡಿ ಹೇಳಿದರು.

ಮಗಳ ಟಿಟಿಜಿ 2, ಒಟ್ಟು ಐಜಿಎ ಸರಿ. ಇವತ್ತು ಇಲ್ಲ ಎಂದರೆ ನಾಳೆಯೂ ಇಲ್ಲ ಎಂದಲ್ಲ. ಎರಡು-ಮೂರು ವರ್ಷಕ್ಕೊಮ್ಮೆ, ಇಲ್ಲವೇ ಎತ್ತರ ನಿಂತರೆ, ರಕ್ತ ಇಳಿದರೆ, ಹೊಟ್ಟೆನೋವು ಬಿಡದಿದ್ದರೆ ಅದಕ್ಕೂ ಮೊದಲೇ ಮತ್ತೆ ನೋಡಬೇಕು. ತಾಯಿಯ ಹೆದರಿಕೆಯಿಂದ ಮಗಳ ತಾಟಿನಿಂದಲೂ ಗೋಧಿ ತೆಗೆದುಬಿಟ್ಟಿದ್ದರು, ಅದನ್ನು ಮತ್ತೆ ಹಾಕಿಸಲಾಗಿದೆ. ಗೋಧಿ ತಿನ್ನದ ಮಗುವಿನ ಟಿಟಿಜಿ ಏನನ್ನೂ ಹೇಳುವುದಿಲ್ಲ. ಮುಂದಿನ ಪರೀಕ್ಷೆ ಆಗುವ ತನಕ ಅವಳು ಕಿರಿಸೊಸೆ ಲಟ್ಟಿಸಿದ ಚಪಾತಿ ತಿನ್ನಬೇಕು, ಊಟವಾದ ಮೇಲೆ ಕೈ ತೊಳೆದುಕೊಂಡು ಅವ್ವನ ಹತ್ತಿರ ಬರಬೇಕು.